ಸ್ವಂತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ನಾಣ್ಯ ಹುಡುಕಬಹುದಾ?

ಚಿತ್ರದುರ್ಗದ ಹತ್ತಿರ ನಿಮ್ಮ ಹೊಲ ಇದೆ, ಜೋರು ಮಳೆ ಬಂದು ಹೋದ ಮೇಲೆ ಒಂದೊಂದು ಹಳೇ ಕಾಸು ಮೇಲೆ ಕಾಣಿಸುತ್ತೆ, ಇಂಗ್ಲೆಂಡಿನವರ ವಿಡಿಯೊ ನೋಡಿ ನೀವೂ ಒಂದು ಡಿಟೆಕ್ಟರ್ ತಗೊಳ್ಳಬೇಕು ಅಂತಿದ್ದೀರಿ. ಬೇಡ ಅಂತೀನಿ. ನಾನು ಕೆಲಸದ ನಿಮಿತ್ತ ಇಂಗ್ಲೆಂಡಿನ ಸಫೊಕ್‌ನಲ್ಲಿದ್ದೀನಿ, ಭಾನುವಾರ ಬಂದರೆ ಇದೇ ಹುಚ್ಚು. ಹಾಗಾಗಿ ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ.

ವಿಡಿಯೊದಲ್ಲಿ ಬೆಳ್ಳಿ ನಾಣ್ಯ ಮಾತ್ರ ತೋರಿಸುತ್ತಾರೆ. ನಮಗೆ ಸಿಗೋದು ಬಹುಪಾಲು ಸೀಸದ ಚೂರು, ಕೋಟಿನ ಗುಂಡಿ, ಬಂದೂಕಿನ ತೋಟಾದ ಹಿತ್ತಾಳೆ ತಳ, ತಂಪುಪಾನೀಯದ ಡಬ್ಬಿಯ ಕಿವಿ. ಈ ಕಿವಿಯ ಕಾಟ ಹೇಳತೀರದು, ಚಿನ್ನದ ಉಂಗುರಕ್ಕೂ ಅದಕ್ಕೂ ಯಂತ್ರ ಹೆಚ್ಚುಕಮ್ಮಿ ಒಂದೇ ಥರ ಕೂಗುತ್ತೆ. ಒಂದು ಗೇಣಿಗಿಂತ ಆಳದಲ್ಲಿರೋ ಸಣ್ಣ ಕಾಸು ಸಾಮಾನ್ಯ ಯಂತ್ರಕ್ಕೆ ಕೇಳಿಸೋದೇ ಕಷ್ಟ. ನಿಮ್ಮ ಕಡೆ ಕೆಂಪುಮಣ್ಣಾದರೆ ಇನ್ನೂ ಕಷ್ಟ, ಮಣ್ಣಿನಲ್ಲಿರೋ ಕಬ್ಬಿಣದ ಅಂಶಕ್ಕೇ ಅದು ಗುಂಯ್‌ಗುಟ್ಟುತ್ತೆ. ಇಲ್ಲಿ ಇಂಗ್ಲೆಂಡಿನಲ್ಲಿ ಹುಲ್ಲುಗಾವಲಾದರೆ ಮೂರು ಕಡೆ ಕೊಯ್ದು ಮುಚ್ಚಳದ ಹಾಗೆ ಎತ್ತಿ, ಕೆಳಗಿನ ಮಣ್ಣನ್ನು ಬೆರಳಲ್ಲೇ ಕೆದಕಿ ನೋಡಿ, ಮತ್ತೆ ಹಾಗೇ ಮುಚ್ಚಿ ತುಳಿದು ಬರಬೇಕು. ರೈತನ ಅನುಮತಿ ಇಲ್ಲದೆ ಹೊಲಕ್ಕೆ ಕಾಲಿಡೋ ಹಾಗಿಲ್ಲ. ಒಂದೇ ಕಡೆ 300 ವರ್ಷಕ್ಕಿಂತ ಹಳೆಯ ಎರಡು ಚಿನ್ನ-ಬೆಳ್ಳಿ ನಾಣ್ಯ ಸಿಕ್ಕರೂ ಇಲ್ಲಿನ 1996ರ ಟ್ರೆಷರ್ ಆ್ಯಕ್ಟ್ (ನಿಧಿ ಕಾಯ್ದೆ) ಪ್ರಕಾರ 14 ದಿನದೊಳಗೆ ವರದಿ ಮಾಡಬೇಕು. ಬಿಡಿ ನಾಣ್ಯ ಸಿಕ್ಕರೆ, ಕಡ್ಡಾಯ ಇಲ್ಲದಿದ್ದರೂ, ಜಿಲ್ಲೆಗಿರೋ ಅಧಿಕಾರಿ ಹತ್ತಿರ ಒಯ್ದರೆ ಅವರು ಅಳೆದು, ತೂಗಿ, ಜಾಗ ಬರೆದುಕೊಂಡು ವಾಪಸ್ ಕೊಡುತ್ತಾರೆ.

ನಮ್ಮ ಜಿಲ್ಲೆಯಲ್ಲೇ ಹಾಕ್ಸನ್ ಅಂತ ಒಂದು ಹಳ್ಳಿ. 1992ರಲ್ಲಿ ಅಲ್ಲಿನ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳಕೊಂಡ. ಅದನ್ನು ಹುಡುಕಿಕೊಡೋಕೆ ಅವನ ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ-ಬೆಳ್ಳಿ. ಒಂದಿಷ್ಟು ಎತ್ತಿದವರೇ ಅಗೆಯೋದು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವದವರು ಬಂದು ಅಗೆದಾಗ ಸುಮಾರು 15 ಸಾವಿರ ನಾಣ್ಯ! ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಒಳಗೆ ಏನನ್ನು ಎಲ್ಲಿ ಜೋಡಿಸಿಟ್ಟಿದ್ದರು ಅಂತ ಗೊತ್ತಾಯಿತು. 17.5 ಲಕ್ಷ ಪೌಂಡ್ ಬಹುಮಾನ ಬಂತು, ಲಾಸ್ ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಈಗ ನಿಮ್ಮ ಹೊಲಕ್ಕೆ ಬರೋಣ. ಹೊಲ ನಿಮ್ಮದೇ ಆದರೂ ಒಳಗೆ ಹುದುಗಿರೋ ನಿಧಿ ತಾನಾಗಿ ನಿಮ್ಮದಾಗಲ್ಲ. 1878ರ ನಿಧಿ ಕಾಯ್ದೆಯಲ್ಲಿ ಬೆಲೆ 10 ರೂಪಾಯಿ ದಾಟಿದರೆ ಸಾಕು, ಕಲೆಕ್ಟರಿಗೆ ಬರೆದು ತಿಳಿಸಬೇಕಿತ್ತು. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ, ಅದರಲ್ಲೂ ಸಿಕ್ಕಿದ್ದನ್ನು ಮುಚ್ಚಿಟ್ಟರೆ ಅಪರಾಧವೇ. ಸಂರಕ್ಷಿತ ಸ್ಥಳದ ಒಳಗಂತೂ ಲೈಸೆನ್ಸ್ ಇಲ್ಲದೆ ಅಗೆಯೋ ಮಾತೇ ಇಲ್ಲ. 1958ರ ಕೇಂದ್ರ ಕಾಯ್ದೆ ಎಷ್ಟು ಬಿಗಿ ಅಂದರೆ, ಸಂರಕ್ಷಿತವಲ್ಲದ ಜಾಗದಲ್ಲಿ ಪುರಾತತ್ವ ಉತ್ಖನನ ಮಾಡೋಕೆ ರಾಜ್ಯ ಸರ್ಕಾರವೇ ಕೇಂದ್ರದ ಒಪ್ಪಿಗೆ ಪಡೀಬೇಕು. ಇದೆಲ್ಲ ಹಾಗಿರಲಿ, ನಮ್ಮ ಕಡೆ ನಿಧಿಗಳ್ಳರು ವೀರಗಲ್ಲು ಕಿತ್ತು, ಬಸವಣ್ಣನ ವಿಗ್ರಹ ಒಡೆದು ಮಾಡಿರೋ ಹಾವಳಿ ನೋಡಿದ ಊರಿನವರು, ಸಂಜೆ ಹೊತ್ತು ಡಿಟೆಕ್ಟರ್ ಹಿಡಿದು ಓಡಾಡೋರನ್ನು ಕಂಡರೆ ಮೊದಲು ಫೋನ್ ಮಾಡೋದು ಪೊಲೀಸರಿಗೆ. ನಾನೂ ರಜಕ್ಕೆ ಊರಿಗೆ ಬರುವಾಗ ಯಂತ್ರ ಇಲ್ಲೇ ಬಿಟ್ಟು ಬರ್ತೀನಿ.

ಅದೂ ನಿಮ್ಮದು ಚಿತ್ರದುರ್ಗ. ಪಕ್ಕದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಸಿಕ್ಕಿವೆ, ಅಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ, ಯಾವ ಪದರದಲ್ಲಿ ಏನು ಸಿಕ್ಕಿತು ಅನ್ನೋದನ್ನು ಹಿಡಿದೇ ಆ ಊರಿನ ಕಾಲ ಲೆಕ್ಕ ಹಾಕಿದ್ದು. ಅದೇ ನಾಣ್ಯವನ್ನು ಯಾರೋ ಗುದ್ದಲಿಯಲ್ಲಿ ಎಬ್ಬಿಸಿ ಜೇಬಿಗೆ ಹಾಕಿಕೊಂಡಿದ್ದರೆ ಅದು ಬರೀ ನಾಲ್ಕು ಗ್ರಾಂ ಹತ್ತಿರದ ಚಿಲ್ಲರೆ ಬೆಳ್ಳಿ.

ಹಾಗಾದರೆ ಮಳೆಗೆ ಎದ್ದ ಕಾಸು ಏನು ಮಾಡೋದು? ಎತ್ತುವ ಮುಂಚೆ ಫೋಟೊ ತೆಗೀರಿ, ಫೋನಿನಲ್ಲೇ ಲೊಕೇಶನ್ ಉಳಿಸಿಕೊಳ್ಳಿ, ಸುತ್ತ ಮಡಕೆ ಚೂರು, ಇಟ್ಟಿಗೆ ಇದೆಯಾ ನೋಡಿ, ಕೆದಕಬೇಡಿ. ಚಿತ್ರದುರ್ಗದ ಸರ್ಕಾರಿ ಮ್ಯೂಸಿಯಮ್ಮಿಗೆ ತೋರಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಾಮ್ರದ ಮೇಲಿನ ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತೆ, ಆಮೇಲೆ ಯಾರಿಗೂ ಓದೋಕಾಗಲ್ಲ.

ನಾಣ್ಯ ಕೈಯಲ್ಲಿ ಹಿಡಿಯೋ ಆಸೆಯಷ್ಟೇ ಆದರೆ ನಾಣ್ಯ ಮೇಳಗಳಿಗೆ ಹೋಗಿ. ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು ಅಂಥ ದುಬಾರಿಯಲ್ಲ, ರಸೀದಿ ಸಮೇತ ತಗೊಳ್ಳಿ. ಇನ್ನು, ಎರಡು ಆಂಟೆನಾ ಸಿಕ್ಕಿಸಿ "ನೂರು ಅಡಿ ಆಳದ ಚಿನ್ನ ತೋರಿಸುತ್ತೆ" ಅಂತ ಲಕ್ಷಗಟ್ಟಲೆಗೆ ಮಾರೋ ಲೊಕೇಟರ್ ಯಾರಾದರೂ ತೋರಿಸಿದರೆ, ಅದು, ಅಕ್ಕಿ ಎಳೆಯೋ ಶಕ್ತಿ ಇದೆ ಅಂತ ನಂಬಿಸಿ ಮೋಸ ಮಾಡೋ ರೈಸ್ ಪುಲ್ಲಿಂಗ್ ಚೊಂಬಿನ ತಮ್ಮ. ಕೈಮುಗಿದು ಕಳಿಸಿಬಿಡಿ.