ಪ್ರತಿಕ್ರಿಯೆ: ಸಿಲ್ವರ್ ಓಕ್ ಚಿತ್ತಾರ ಹಿಡಿಯ ಎರಡೂ ಬದಿಗೆ ಬರಬೇಕಾದರೆ

ತೋಟದಲ್ಲಿ ಕಡಿದ ಸಿಲ್ವರ್ ಓಕ್‌ನಿಂದ ಅಡುಗೆಮನೆಯ ಚಾಕುವಿಗೆ ಹಿಡಿ ಮಾಡಿದಾಗ ಒಂದು ಬದಿಯಲ್ಲಿ ಹೊಳೆಯುವ ಚುಕ್ಕೆಗಳು ಬಂದು, ಇನ್ನೊಂದು ಬದಿ ಸಪ್ಪೆಯಾಯಿತು ಎಂದಿದ್ದೀರಿ. ಮರದಲ್ಲಿ ದೋಷವಿಲ್ಲ, ಕೊಯ್ದ ದಿಕ್ಕು ತಪ್ಪಿದೆ.

ದಿಮ್ಮಿಯ ಕೊಯ್ದ ತುದಿಯನ್ನು ನುಣುಪಾಗಿ ಕೆತ್ತಿ ನೋಡಿ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಗರಗಸ ಆ ಗೆರೆಗಳಿಗೆ ಸಮಾನಾಂತರವಾಗಿ ಸಾಗಿದರೆ ಮಾತ್ರ ಚಿತ್ತಾರ ಅಗಲವಾಗಿ ತೆರೆದುಕೊಳ್ಳುತ್ತದೆ. ಅಡ್ಡಲಾಗಿ ಸಾಗಿದರೆ ಸಣ್ಣ ಗೀಟುಗಳಷ್ಟೇ ಉಳಿಯುತ್ತವೆ. ಹೀಗೆ ತೆಗೆದ ಸುಮಾರು 25 ಮಿಲಿಮೀಟರ್ ದಪ್ಪದ ತುಂಡನ್ನು ನಡುವೆ ಸೀಳಿ ಪುಸ್ತಕದಂತೆ ಬಿಡಿಸಿ. ಒಳಮುಖಗಳೆರಡನ್ನೂ ಹೊರಗೆ ಬರುವಂತೆ ಕೂರಿಸಿದರೆ ಎರಡು ಬದಿಗಳು ಒಂದಕ್ಕೊಂದು ಹೊಂದುತ್ತವೆ. ಹಿಡಿಯನ್ನು ಪೂರ್ತಿ ದುಂಡಗೆ ಮಾಡಬೇಡಿ. ಮೇಲ್ಮೈ ಬಾಗಿದಷ್ಟೂ ಚಿತ್ತಾರ ಕರಗುತ್ತದೆ. ಬದಿಗಳನ್ನು ತುಸು ಚಪ್ಪಟೆಯಾಗಿಟ್ಟು ಅಂಚನ್ನಷ್ಟೇ ಉರುಟಾಗಿಸುವುದು ನನಗೆ ಇಷ್ಟ.

ಅವಸರ ಮಾತ್ರ ಬೇಡ. ಕೊಡಗಿನ ಮಳೆಗಾಲದಲ್ಲಿ ಹಸಿ ಮರ ಒಣಗುವುದೇ ಇಲ್ಲ. ತುದಿಗಳಿಗೆ ಮೇಣ ಬಳಿದು ಒಲೆಯಿಂದ ದೂರ, ಗಾಳಿಯಾಡುವಲ್ಲಿ ಇಡಿ. ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸಕ್ಕೆ ಇಳಿಯಿರಿ. ಈ ಮರ ಮೆದು, ನೀರು ಹೀರುತ್ತದೆ. 400ರ ಉಪ್ಪುಕಾಗದದವರೆಗೆ ಉಜ್ಜಿ, ಒಣಗಿ ಗಟ್ಟಿಯಾಗುವ ಎಣ್ಣೆಯನ್ನು ತೆಳುವಾಗಿ ಹಲವು ಸಲ ಹಚ್ಚಿ. ಉಜ್ಜುವಾಗ ಮುಖಗವಸು ಇರಲಿ, ಇದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗಾದರೆ ಸಿಲ್ವರ್ ಓಕ್ ಬೇಡ, ಬೀಟೆಯೇ ಸರಿ.