ಕಂಪೈಲ್ ಆಯಿತು, ಆಚೆಯವರಿಗೆ ಮಾತೇ ತಿಳಿಯುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಬೇರೆ ಬೇರೆ ಬಾಯಿಂದ: ಮೇನ್‌ಫ್ರೇಮ್‌ಗೆ ಒಯ್ದ ಲೈಬ್ರರಿಯ ಮಾತು ಹೊರಗಿನ ಯಂತ್ರಗಳಿಗೆ ಏಕೆ ತಿಳಿಯುತ್ತಿಲ್ಲ? ಪುಣೆಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ಹುಡುಗನೂ ಅದನ್ನೇ ಕೇಳಿದ. ಆದ್ದರಿಂದ ಹೆಚ್ಚಿನ ಜಾಗ ಅದಕ್ಕೇ. ಸಾಕೆಟ್ ಎಂದರೇನು, ಮೇನ್‌ಫ್ರೇಮ್‌ನ ಯುನಿಕ್ಸ್ ಭಾಗವಾದ ಓಎಂವಿಎಸ್‌ನೊಳಗೆ ಲಾಗಿನ್ ಆಗುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಮೇನ್‌ಫ್ರೇಮ್‌ಗೆ ಲೈಬ್ರರಿ ಒಯ್ಯಲು ಹೊರಟವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಮೇಡಂ, ಲಿನಕ್ಸ್‌ನಲ್ಲಿ ವರ್ಷಗಳಿಂದ ಓಡುತ್ತಿರುವ ನಮ್ಮ ಸಿ ಭಾಷೆಯ ಎಚ್‌ಟಿಟಿಪಿ ಲೈಬ್ರರಿಯನ್ನು ಐಬಿಎಂ ಮೇನ್‌ಫ್ರೇಮ್‌ನ ಝೆಡ್ ಓಎಸ್‌ಗೆ ತಂದಿದ್ದೇವೆ. ಕಂಪೈಲ್ ಆಗುತ್ತದೆ. ಅದೇ ಯಂತ್ರದಲ್ಲಿ ನಮ್ಮ ಕ್ಲೈಂಟ್, ನಮ್ಮ ಸರ್ವರ್ ಚೆನ್ನಾಗಿ ಮಾತಾಡಿಕೊಳ್ಳುತ್ತವೆ. ಹೊರಗಿನ ಸರ್ವರ್ ಮಾತ್ರ 400 (ಕೋರಿಕೆ ಅರ್ಥವಾಗಲಿಲ್ಲ) ಎಂದು ವಾಪಸ್ ಕಳಿಸುತ್ತದೆ. ಒಬ್ಬ ಕನ್ಸಲ್ಟಂಟ್ ಸೆಂಡ್ ಮತ್ತು ರಿಸೀವ್ ಫಂಕ್ಷನ್‌ಗಳೊಳಗೇ ಅಕ್ಷರ ಬದಲಿಸುವ ಟೇಬಲ್ ಹಾಕಿ ಎಂದರು. ಹಾಕಿದ ಮೇಲೆ 400 ಹೋಯಿತು, ಆದರೆ ಟಿಎಲ್‌ಎಸ್ (ಗೂಢಲಿಪಿಯ) ಸಂಪರ್ಕ ಕೂಡುತ್ತಿಲ್ಲ. (ಹಿಂಜವಡಿಯಿಂದ)

ಉತ್ತರ: ಮೊದಲು ಆ ಟೇಬಲ್ ಅನ್ನು ಕಿತ್ತುಹಾಕಿ, ಇವತ್ತೇ. ಆ ಸಲಹೆ ಕೊಟ್ಟವರು ನಿಮ್ಮ ಟ್ರೇಸ್, ಅಂದರೆ ತಂತಿಯಲ್ಲಿ ಹೋದ ಬೈಟ್‌ಗಳ ದಾಖಲೆ, ತೆರೆದು ನೋಡಿರಲಾರರು. ನೋಡದೆ ಔಷಧ ಬರೆದುಕೊಡುವವರು ನಮ್ಮ ಕಸುಬಿನಲ್ಲಿ ತುಂಬ ಜನ ಇದ್ದಾರೆ. ಅವರು ಬಿಟ್ಟುಹೋದದ್ದನ್ನು ಸರಿಪಡಿಸಲು ನಾನು ಮುಂಬೈ–ಪುಣೆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ.

ಟ್ರೇಸ್ ತೆರೆಯಿರಿ. ನಿಮ್ಮ ಕೋರಿಕೆಯ ಮೊದಲ ಸಾಲು ಹೀಗೆ ಹೋಗಿರುತ್ತದೆ: ಗೆಟ್, ಖಾಲಿ ಜಾಗ, ಓರೆಗೆರೆ, ಮತ್ತೆ ಖಾಲಿ ಜಾಗ, ಎಚ್‌ಟಿಟಿಪಿ/1.1, ಸಾಲಿನ ಕೊನೆ. ಒಟ್ಟು 16 ಬೈಟ್, ಹೆಕ್ಸ್ ಡಂಪ್‌ನಲ್ಲಿ ಸರಿಯಾಗಿ ಒಂದು ಸಾಲು:

ಸಿ7 ಸಿ5 ಇ3 40 61 40 ಸಿ8 ಇ3 ಇ3 ಡಿ7 61 ಎಫ್1 4ಬಿ ಎಫ್1 0ಡಿ 15

ಬಲಗಡೆಯ ಆಸ್ಕಿ ಕಾಲಂನಲ್ಲಿ ಮೂರು ಚುಕ್ಕಿ, ಆಮೇಲೆ ಒಂದು @ ಕಾಣಿಸುತ್ತದೆ. ನನಗೆ ಆ @ ಕಂಡರೆ ಸಾಕು. ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಖಾಲಿ ಜಾಗ ಹೆಕ್ಸ್ 40, ಹೊರಗಿನ ಯಂತ್ರಗಳು ಬಳಸುವ ಆಸ್ಕಿಯಲ್ಲಿ 40 ಎಂದರೆ @. ಸಾಲಿನ ಕೊನೆಯಲ್ಲಿ 0ಡಿ 0ಎ ಇರಬೇಕಿತ್ತು, 0ಡಿ 15 ಇದೆ. ನಿಮ್ಮ ಸೋರ್ಸ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ಪ್ರತಿಯೊಂದು ಅಕ್ಷರವನ್ನೂ ಕಂಪೈಲರ್ ಐಬಿಎಂ-1047 ಎಂಬ ಎಬ್ಸಿಡಿಕ್ ಕೋಡ್ ಪೇಜ್‌ನಲ್ಲಿ ಬರೆದಿಟ್ಟಿದೆ. ಆಚೆ ಕಡೆಯ ಸರ್ವರ್ ಅದನ್ನು ಆಸ್ಕಿ ಎಂದುಕೊಂಡು ಓದಿ, ಇದು ಎಚ್‌ಟಿಟಿಪಿಯೇ ಅಲ್ಲ ಎನ್ನುತ್ತದೆ. ಅದು ಹೇಳುವುದು ಸರಿಯಾಗೇ ಇದೆ. ನಿಮ್ಮ ಕ್ಲೈಂಟ್ ನಿಮ್ಮದೇ ಸರ್ವರ್ ಜೊತೆ ಮಾತಾಡಿದ್ದು ಯಾವುದಕ್ಕೂ ಪುರಾವೆ ಆಗುವುದಿಲ್ಲ. ಪುಣೆಯ ಬಸ್ಸಿನಲ್ಲಿ ಇಬ್ಬರು ಕನ್ನಡದವರು ತಮ್ಮತಮ್ಮಲ್ಲಿ ಮಾತಾಡಿಕೊಂಡರೆ ಮರಾಠಿ ಬರುತ್ತದೆಂದು ಆಯಿತೇ? ಕಂಡಕ್ಟರ್ ಬಳಿ ಟಿಕೆಟ್ ಕೇಳಿದಾಗ ಗೊತ್ತಾಗುತ್ತದೆ.

ಇನ್ನು ಟೇಬಲ್ ಹಾಕಿದ ಮೇಲೆ ಟಿಎಲ್‌ಎಸ್ ಏಕೆ ಕೆಟ್ಟಿತು? ಟಿಎಲ್‌ಎಸ್ ಹ್ಯಾಂಡ್‌ಶೇಕ್ ರೆಕಾರ್ಡ್‌ನ ಮೊದಲ ಬೈಟ್ ಹೆಕ್ಸ್ 16. ಅದು ಅಕ್ಷರವಲ್ಲ, ರೆಕಾರ್ಡ್‌ನ ಬಗೆಯನ್ನು ಹೇಳುವ ಒಂದು ಸಂಖ್ಯೆ. ನಿಮ್ಮ ಟೇಬಲ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ. ಎಬ್ಸಿಡಿಕ್‌ನಲ್ಲಿ 16 ಎಂದರೆ ಬ್ಯಾಕ್‌ಸ್ಪೇಸ್, ಆಸ್ಕಿಯ ಬ್ಯಾಕ್‌ಸ್ಪೇಸ್ 08, ಆದ್ದರಿಂದ 08 ಎಂದು ಬದಲಿಸಿ ಕಳಿಸಿತು. ಮೊದಲ ಬೈಟ್‌ನಲ್ಲೇ ಮುಗಿಯಿತು. ಹಿಂದೆ ಬರುವ ಉದ್ದದ ಬೈಟ್‌ಗಳು, ಯಾದೃಚ್ಛಿಕ ಬೈಟ್‌ಗಳು, ಪ್ರಮಾಣಪತ್ರ ಎಲ್ಲವೂ ಹಾಗೇ ಕೆಡುತ್ತವೆ. ಟಿಎಲ್‌ಎಸ್ ಇಲ್ಲದಿದ್ದರೂ ಜಿಜಿಪ್ ಆದ ಬಾಡಿ, ಚಿತ್ರ, ಪ್ಯಾಕ್ಡ್ ಡೆಸಿಮಲ್ ಇರುವ ಕೋಬಾಲ್ ರೆಕಾರ್ಡ್, ಯಾವುದೂ ಉಳಿಯುವುದಿಲ್ಲ. ಸೆಂಡ್ ಮತ್ತು ರಿಸೀವ್ ಇರುವ ಜಾಗದಲ್ಲಿ ಯಾವುದು ಬರಹ, ಯಾವುದು ಬರೀ ಬೈಟ್ ಎಂಬ ತಿಳಿವಳಿಕೆಯೇ ಇರುವುದಿಲ್ಲ. ತಿಳಿವಳಿಕೆ ಇಲ್ಲದ ಕಡೆ ಅನುವಾದ ಮಾಡಿಸಬಾರದು.

ಹಾಗಾದರೆ ಎಲ್ಲಿ ಮಾಡಿಸಬೇಕು? ಎರಡು ದಾರಿ ಇವೆ. ಒಂದು, ಲೈಬ್ರರಿಯನ್ನು ಎಬ್ಸಿಡಿಕ್‌ನಲ್ಲೇ ಬಿಟ್ಟು, ತಂತಿಗೆ ಹೋಗುವ ಪ್ರತಿಯೊಂದು ಬರಹದ ತುಣುಕನ್ನೂ ಅದು ಹುಟ್ಟುವ ಜಾಗದಲ್ಲೇ ಪರಿವರ್ತಿಸುವುದು. ಅಪಾಚೆ ವೆಬ್ ಸರ್ವರ್ ಬಿಎಸ್2000 ಎಂಬ ಇನ್ನೊಂದು ಮೇನ್‌ಫ್ರೇಮ್ ವ್ಯವಸ್ಥೆಗೆ ಹೋದದ್ದು ಹೆಚ್ಚುಕಡಿಮೆ ಹೀಗೆ. ಅಲ್ಲಿ ಬಡಿಸಬೇಕಾದ ಕಡತಗಳೇ ಎಬ್ಸಿಡಿಕ್‌ನಲ್ಲಿದ್ದವು, ಅದಕ್ಕೆ ಅರ್ಥವಿತ್ತು. ಎರಡು, ಇಡೀ ಲೈಬ್ರರಿಯನ್ನು ಆಸ್ಕಿ ಆಯ್ಕೆ ಹಾಕಿ ಕಂಪೈಲ್ ಮಾಡಿ, ಅದನ್ನು ಕರೆಯುವ ಪ್ರೋಗ್ರಾಂ ಜೊತೆ ಸೇರುವ ಬಾಗಿಲಲ್ಲಿ ಮಾತ್ರ ಪರಿವರ್ತಿಸುವುದು. ಕರ್ಲ್ ಲೈಬ್ರರಿಯನ್ನು ಐಬಿಎಂನ ಓಎಸ್/400ಕ್ಕೆ ಒಯ್ದ ಪೋರ್ಟ್‌ನಲ್ಲಿ ಒಳಗೆ ಆಸ್ಕಿಯೇ ಇದೆ, ಹೊರಗೆ ಕೋಡ್ ಪೇಜ್ ಕೇಳಿ ಪರಿವರ್ತಿಸುವ ರ‍್ಯಾಪರ್‌ಗಳಿವೆ.

ನಾನು ಎರಡನೆಯದನ್ನೇ ಹೇಳುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ. ಕಾರಣ, ನಿಮ್ಮ ಲೈಬ್ರರಿಯಲ್ಲಿ ಆಸ್ಕಿ ಎಂಬ ನಂಬಿಕೆ ಎಲ್ಲೆಲ್ಲಿ ಅಡಗಿದೆ ಎಂದು ನಿಮಗೇ ಗೊತ್ತಿಲ್ಲ. ಹೆಡರ್ ಹೆಸರು ಹೋಲಿಸಲು ದೊಡ್ಡಕ್ಷರಕ್ಕೆ ಹೆಕ್ಸ್ 20ರ ಬಿಟ್ ಹಚ್ಚಿ ಸಣ್ಣಕ್ಷರ ಮಾಡುವ ಜಾಣತನ ಎಷ್ಟು ಕಡೆ ಇದೆ, ಹುಡುಕಿ ನೋಡಿ. ಎಬ್ಸಿಡಿಕ್‌ನಲ್ಲಿ ದೊಡ್ಡ ‘ಬಿ’ಯ ಕೋಡ್ ಸಿ2. ಅದಕ್ಕೆ ಆ ಬಿಟ್ ಹಚ್ಚಿದರೆ ಇ2 ಬರುತ್ತದೆ, ಅದು ‘ಎಸ್’. ‘ಸಿ’ ಹೋಗಿ ‘ಟಿ’ ಆಗುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಒಂದು ಹೆಡರ್ ಸಿಗಲಿಲ್ಲ ಅಷ್ಟೇ. ಪಂಚ್ ಕಾರ್ಡ್ ಕಾಲದ ಬಳುವಳಿಯಾಗಿ ಇಲ್ಲಿ ಅಕ್ಷರಮಾಲೆ ಮೂರು ತುಂಡು: ‘ಐ’ 89ಕ್ಕೆ ಮುಗಿದು ‘ಜೆ’ 91ಕ್ಕೆ ಶುರುವಾಗುತ್ತದೆ, ‘ಆರ್’ 99ಕ್ಕೆ ಮುಗಿದು ‘ಎಸ್’ ಎ2ಕ್ಕೆ ಶುರುವಾಗುತ್ತದೆ. ಅಂಕಿಗಳು ಅಕ್ಷರಗಳಿಗಿಂತ ದೊಡ್ಡವು, ಆಸ್ಕಿಯಲ್ಲಿ ಚಿಕ್ಕವು. ಚಂಕ್‌ನ ಉದ್ದ ಓದುವಾಗ ‘9ಕ್ಕಿಂತ ದೊಡ್ಡದಾದರೆ ಅಕ್ಷರ’ ಎಂದು ಬರೆದಿದ್ದರೆ ಅದೂ ತಲೆಕೆಳಗು. ಬೇಸ್64 ಟೇಬಲ್ ಬೇರೆ. ಇವನ್ನೆಲ್ಲ ಒಂದೊಂದಾಗಿ ಹುಡುಕಿ ತಿದ್ದಲು ಕುಳಿತರೆ ಮೂಲ ಲೈಬ್ರರಿಯ ಮುಂದಿನ ಆವೃತ್ತಿ ಬಂದಾಗ ಮತ್ತೆ ಮೊದಲಿಂದ ಶುರು.

ಎರಡನೆಯ ದಾರಿಯಲ್ಲೂ ಎಚ್ಚರ ಬೇಕು. ಆಸ್ಕಿ ಮೋಡ್‌ಗೆ ಎಕ್ಸ್‌ಪ್ಲಿಂಕ್ ಎಂಬ ಲಿಂಕೇಜ್ ಆಯ್ಕೆ ಬೇಕೇ ಬೇಕು. ರನ್‌ಟೈಮ್ ಲೈಬ್ರರಿಯ ಎಲ್ಲ ಫಂಕ್ಷನ್‌ಗಳಿಗೂ ಆಸ್ಕಿ ರೂಪ ಇಲ್ಲ, ನೀವು ಕರೆಯುವ ಪ್ರತಿಯೊಂದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಿ. ಅಸೆಂಬ್ಲರ್ ಮಟ್ಟದ ಸೇವೆಗಳನ್ನು ನೇರವಾಗಿ ಕರೆದರೆ ಅವು ಎಬ್ಸಿಡಿಕ್ ಹೆಸರುಗಳನ್ನೇ ಕೇಳುತ್ತವೆ. ಕಾನ್ಫಿಗ್ ಫೈಲ್‌ಗೆ ಸಿಎಚ್‌ಟ್ಯಾಗ್ ಕಮಾಂಡ್‌ನಿಂದ ಕೋಡ್ ಪೇಜ್ ಹಚ್ಚದಿದ್ದರೆ ಸ್ವಯಂ ಪರಿವರ್ತನೆ ನಡೆಯುವುದಿಲ್ಲ, ನಿಮ್ಮ ಪಾರ್ಸರ್‌ಗೆ ಕಸ ಸಿಗುತ್ತದೆ. ಒಂದು ಆಬ್ಜೆಕ್ಟ್ ಆಸ್ಕಿಯಲ್ಲಿ, ಇನ್ನೊಂದು ಎಬ್ಸಿಡಿಕ್‌ನಲ್ಲಿ ಕಂಪೈಲ್ ಆಗಿ ಸೇರಿಕೊಂಡರೆ ಬೈಂಡರ್ ತಡೆಯುತ್ತದೆಂದು ನಂಬಿ ಕೂರಬೇಡಿ. ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಆಯ್ಕೆಗಳು ಒಂದೇ ಕಡೆ ಇರಲಿ.

ಬಾಗಿಲಲ್ಲಿ ಪರಿವರ್ತಿಸುವಾಗಲೂ ಯುಆರ್‌ಎಲ್ ಮತ್ತು ಹೆಡರ್‌ಗಳನ್ನು ಮಾತ್ರ ಪರಿವರ್ತಿಸಿ. ಬಾಡಿಯನ್ನು ಮುಟ್ಟಬೇಡಿ, ಅದು ಬೈಟ್‌ಗಳ ಮೂಟೆ. ಇದನ್ನು ನಾನು ಕಲಿತದ್ದು ಮುಂಬೈನ ಒಂದು ಡೇಟಾ ಸೆಂಟರ್‌ನಲ್ಲಿ. ಗ್ರಾಹಕರ ಹೆಸರುಗಳು ಕನ್ನಡದಲ್ಲಿ, ಯುಟಿಎಫ್-8ರಲ್ಲಿ ಬರುತ್ತಿದ್ದವು. ರಮೇಶ, ಸುರೇಶ ಸರಿಯಾಗಿ ಹೋಗುತ್ತಿದ್ದರು. ಬಸವರಾಜ ಮತ್ತು ನಾಗರತ್ನ ಮಾತ್ರ ಮುರಿದು ಹೋಗುತ್ತಿದ್ದರು, ಆಚೆಯ ಪಾರ್ಸರ್ ಆ ಸಂದೇಶಗಳನ್ನೇ ತಿರಸ್ಕರಿಸುತ್ತಿತ್ತು. ಫಾಂಟ್ ಸಮಸ್ಯೆ ಎಂದರು ಒಬ್ಬರು. ಕನ್ನಡ ಮೇನ್‌ಫ್ರೇಮ್‌ಗೆ ಒಗ್ಗುವುದಿಲ್ಲ ಎಂದರು ಇನ್ನೊಬ್ಬರು. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಈಗಲೂ ಆರಿಲ್ಲ. ಕಾಗದದ ಮೇಲೆ ಬೈಟ್ ಬರೆದುಕೊಂಡು ಕುಳಿತೆ. ‘ನ’ ಎಂದರೆ ಇ0 ಬಿ2 ಎ8. ‘ಬ’ ಎಂದರೆ ಇ0 ಬಿ2 ಎಸಿ. ಒಳಗೆ ಬರುವಾಗ 1047ರ ಟೇಬಲ್, ಹೊರಗೆ ಹೋಗುವಾಗ ಬೇರೊಬ್ಬರು ಬರೆದ, 037 ಎಂಬ ಇನ್ನೊಂದು ಎಬ್ಸಿಡಿಕ್ ಕೋಡ್ ಪೇಜ್‌ನ ಟೇಬಲ್ ಓಡುತ್ತಿತ್ತು. ಎರಡಕ್ಕೂ ಇರುವ ಭೇದ ಬೆರಳೆಣಿಕೆಯಷ್ಟು ಚಿಹ್ನೆಗಳಲ್ಲಿ: ಚೌಕ ಆವರಣಗಳು, ^ ಮತ್ತು ಒಂದೆರಡು ಗುರುತುಗಳು. ಎ8 ಎಂಬ ಬೈಟ್ 1047ರಲ್ಲಿ ಬಿಬಿ ಆಗುತ್ತದೆ, 037 ಅದನ್ನು ] ಎಂದು ಹೊರಗೆ ಹಾಕುತ್ತದೆ. ಎಸಿ ಹೋಗಿ ಬಿ0 ಆಗಿ ^ ಎಂದು ಹೊರಬರುತ್ತದೆ. ನ ಮತ್ತು ಬ ಇರುವ ಹೆಸರುಗಳೆಲ್ಲ ಕೆಟ್ಟವು, ಉಳಿದವು ಉಳಿದವು. ಹೊಸ ಸಾಲಿಗೆ 15 ಬಳಸುವ ಟೇಬಲ್ ಮತ್ತು 25 ಬಳಸುವ ಟೇಬಲ್ ಹೀಗೇ ಕಲಸಿಹೋದರೆ ‘ಅ’ ಕೂಡ ಹೋಗುತ್ತದೆ, ಏಕೆಂದರೆ ಅದರ ಕೊನೆಯ ಬೈಟ್ 85 ಹೊಸ ಸಾಲಿನ ಜೊತೆ ಅದಲುಬದಲಾಗುತ್ತದೆ.

ಅಂದಿನಿಂದ ನನ್ನ ಪರೀಕ್ಷೆಯ ಪದ ‘ಅನುಬಂಧ’. ಮೂರು ಅಕ್ಷರವೂ ಅದರಲ್ಲಿದೆ. ನಿಮ್ಮ ಪೋರ್ಟ್ ಮುಗಿಯಿತು ಎನಿಸಿದಾಗ ಆ ಪದವನ್ನು ಬಾಡಿಯಲ್ಲಿ ಹಾಕಿ ಹೊರಗಿನ ಒಂದು ಲಿನಕ್ಸ್ ಯಂತ್ರಕ್ಕೆ ಕಳಿಸಿ, ಅಲ್ಲಿ ಬಂದ ಬೈಟ್‌ಗಳನ್ನು ಎಣಿಸಿ ನೋಡಿ. 6 ಕೋಡ್ ಪಾಯಿಂಟ್, 18 ಬೈಟ್. ಪರದೆಯ ಮೇಲೆ ಕಾಣುವುದನ್ನು ನಂಬಬೇಡಿ, ಡಂಪ್ ನೋಡಿ.

ಪ್ರಶ್ನೆ: ಟಿಎಲ್‌ಎಸ್‌ಗೆಂದು ಓಪನ್ ಎಸ್‌ಎಸ್‌ಎಲ್ ಲೈಬ್ರರಿಯನ್ನೂ ಜೊತೆಗೇ ಪೋರ್ಟ್ ಮಾಡಬೇಕೇ? (ಠಾಣೆಯಿಂದ)

ಉತ್ತರ: ಮಾಡುವ ಮೊದಲು ನಿಮ್ಮ ನೆಟ್‌ವರ್ಕ್ ತಂಡದವರನ್ನು ಎಟಿ-ಟಿಎಲ್‌ಎಸ್ ಬಗ್ಗೆ ಕೇಳಿ. ಝೆಡ್ ಓಎಸ್ 1.7ರಿಂದಲೂ ಟಿಸಿಪಿ ಪದರವೇ ಪಾಲಿಸಿ ನೋಡಿ ನಿಮ್ಮ ಪರವಾಗಿ ಟಿಎಲ್‌ಎಸ್ ನಡೆಸಿಕೊಡುತ್ತದೆ. ನಿಮ್ಮ ಕೋಡ್ ಸಾದಾ ಸಾಕೆಟ್‌ನಲ್ಲೇ ಬರೆಯುತ್ತದೆ, ಖಾಸಗಿ ಕೀಲಿ ಭದ್ರತಾ ವ್ಯವಸ್ಥೆಯಾದ ರ‍್ಯಾಕ್‌ಎಫ್ ಕೀರಿಂಗ್‌ನಲ್ಲಿ ಉಳಿಯುತ್ತದೆ. ಬ್ಯಾಂಕಿನ ಕೆಲಸವಾದರೆ ನಾನು ಇದನ್ನೇ ಆರಿಸುತ್ತೇನೆ. ಕೀಲಿಯ ಫೈಲ್ ಯಾರದೋ ಹೋಮ್ ಡೈರೆಕ್ಟರಿಯಲ್ಲಿ ಬಿದ್ದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಎಚ್ಚರಿಕೆ: ಆ ಪಾಲಿಸಿ ಚಾಲೂ ಇದ್ದು ನಿಮ್ಮ ಲೈಬ್ರರಿಯೂ ತನ್ನದೇ ಟಿಎಲ್‌ಎಸ್ ಶುರು ಮಾಡಿದರೆ ಒಂದರೊಳಗೊಂದು ಹ್ಯಾಂಡ್‌ಶೇಕ್ ಆಗುತ್ತದೆ. ಆಚೆಯವರಿಗೆ ತಲೆಬುಡ ತಿಳಿಯುವುದಿಲ್ಲ.

ಪ್ರಶ್ನೆ: ಮೇನ್‌ಫ್ರೇಮ್ ಬಿಗ್ ಎಂಡಿಯನ್ (ದೊಡ್ಡ ಬೈಟ್ ಮೊದಲು), ನೆಟ್‌ವರ್ಕ್ ಕ್ರಮವೂ ಅದೇ. ಬೈಟ್ ಕ್ರಮ ಬದಲಿಸುವ ಎಚ್‌ಟಾನ್ಸ್, ಎನ್‌ಟೋಎಚ್‌ಎಸ್ ಎಲ್ಲ ತೆಗೆದು ಕೋಡ್ ಹಗುರ ಮಾಡಿದ್ದೇವೆ. ಸರಿ ತಾನೇ?

ಉತ್ತರ: ವಾಪಸ್ ಹಾಕಿ. ಇಲ್ಲಿ ಅವು ಏನೂ ಮಾಡುವುದಿಲ್ಲ, ಆದ್ದರಿಂದ ಹಗುರವಾದದ್ದೂ ಏನಿಲ್ಲ. ನಾಳೆ ಅದೇ ಸೋರ್ಸ್ ಲಿನಕ್ಸ್‌ಗೆ ಮರಳಿದಾಗ ಪೋರ್ಟ್ ನಂಬರ್ ತಿರುಗುಮುರುಗಾಗುತ್ತದೆ.

ಪ್ರಶ್ನೆ: ಸಾಕೆಟ್ ಅನ್ನು ಪೋರ್ಟ್ ನಂಬರ್‌ಗೆ ಬೈಂಡ್ ಮಾಡುವಾಗ ಇಡಿಸಿ5111ಐ, ಅನುಮತಿ ಇಲ್ಲ ಎಂದು ಬರುತ್ತದೆ. ಯುಐಡಿ ಸೊನ್ನೆ (ಸರ್ವಾಧಿಕಾರ) ಕೊಡಿಸಿಕೊಂಡರೆ ಸರಿಹೋಗುತ್ತದೆ ಎಂದು ಸೀನಿಯರ್ ಅಣ್ಣ ಹೇಳಿದರು. (ಡೊಂಬಿವಲಿಯಿಂದ)

ಉತ್ತರ: ಆ ಅಣ್ಣನ ಮಾತು ಕೇಳಬೇಡಿ. ಬಾಗಿಲ ಚಿಲಕ ಬಿಗಿಯಾಗಿದೆಯೆಂದು ಗೋಡೆ ಒಡೆದಂತೆ ಆಗುತ್ತದೆ, ಮತ್ತು ಒಡೆದ ಗೋಡೆಯನ್ನು ಯಾರೂ ಮತ್ತೆ ಕಟ್ಟುವುದಿಲ್ಲ. ಸೊನ್ನೆ ಕೊಟ್ಟ ಯೂಸರ್ ಐಡಿಗಳು ವರ್ಷಗಟ್ಟಲೆ ಹಾಗೇ ಉಳಿದು ಆಡಿಟ್‌ನವರ ಕೈಗೆ ಸಿಗುತ್ತವೆ. ದೋಷದ ಸಂಖ್ಯೆ ಎರರ್‌ನೋ ಒಂದನ್ನೇ ಪ್ರಿಂಟ್ ಮಾಡುವುದು ಲಿನಕ್ಸ್‌ನ ಚಾಳಿ. ಇಲ್ಲಿ ಅದರ ಜೊತೆ ಒಂದು ಕಾರಣದ ಕೋಡ್ ಬರುತ್ತದೆ. ಎರರ್‌ನೋ2 ಫಂಕ್ಷನ್‌ನಿಂದ ಅದನ್ನು ತೆಗೆದು ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ, ಬಿಪಿಎಕ್ಸ್‌ಎಂಟೆಕ್ಸ್ಟ್ ಕಮಾಂಡ್‌ಗೆ ಕೊಡಿ. ವಾಕ್ಯದಲ್ಲಿ ವಿವರಣೆ ಸಿಗುತ್ತದೆ. ಹೆಚ್ಚಿನ ಸಲ ಆ ಪೋರ್ಟ್ ಅನ್ನು ಟಿಸಿಪಿಐಪಿ ಪ್ರೊಫೈಲ್‌ನಲ್ಲಿ ಬೇರೊಂದು ಜಾಬ್ ಹೆಸರಿಗೆ ಕಾದಿರಿಸಿರುತ್ತಾರೆ. ಸಿಸ್ಟಂ ಪ್ರೋಗ್ರಾಮರ್ ಬಳಿ ಹೋಗಿ ನಿಮ್ಮ ಜಾಬ್ ಹೆಸರನ್ನು ಆ ಸಾಲಿಗೆ ಸೇರಿಸಲು ಕೇಳಿಕೊಳ್ಳಿ.

ಪ್ರಶ್ನೆ: ಥ್ರೆಡ್ ಐಡಿಯನ್ನು ಇಂಟಿಜರ್ ಎಂದು ಲಾಗ್ ಮಾಡುವ ಸಾಲು ಕಂಪೈಲ್ ಆಗುತ್ತಿಲ್ಲ.

ಉತ್ತರ: ಇಲ್ಲಿ ಅದು ಸ್ಟ್ರಕ್ಚರ್. ಹೋಲಿಸಲು ಪಿಥ್ರೆಡ್ ಈಕ್ವಲ್ ಇದೆ, ಲಾಗ್‌ಗೆ ನಿಮ್ಮದೇ ಕ್ರಮಸಂಖ್ಯೆ ಕೊಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಈವೆಂಟ್ ಲೂಪ್ ಪೂರ್ತಿ ಇಪೋಲ್ ಮೇಲೆ ನಿಂತಿದೆ.

ಉತ್ತರ: ಹಲವು ಸಾಕೆಟ್‌ಗಳನ್ನು ಒಟ್ಟಿಗೆ ಕಾಯುವ ಇಪೋಲ್ ಲಿನಕ್ಸ್‌ನ ಸ್ವಂತದ್ದು. ಮೊದಲು ಪೋಲ್ ಮೇಲೆ ಓಡಿಸಿ, ಅಳೆದು ನೋಡಿ, ಸಾಲದೆ ಹೋದರೆ ಆಮೇಲೆ ಅಸಿಂಕ್ರೋನಸ್ ಐಓ ಮಾತು.

ಪ್ರಶ್ನೆ: ಮೇಡಂ, ನಾನು ಮಡಗಾಂವ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಊರು ಕಾರವಾರ. ಇದನ್ನೆಲ್ಲ ಕಲಿಯಲು ಮನೆಯ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಲು ಒಬ್ಬರು ಝೆಡ್ ಓಎಸ್ ಕಾಪಿ ಮಾರುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಬೇಡಪ್ಪ. ಅದು ಕದ್ದ ಮಾಲು, ಐಬಿಎಂ ಪರವಾನಗಿ ಇಲ್ಲದೆ ಅದನ್ನು ಓಡಿಸುವಂತಿಲ್ಲ. ಹಾಗೆ ಮಾರಿಕೊಂಡು ಹುಡುಗರ ದುಡ್ಡು ತಿನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹರ್ಕ್ಯುಲಿಸ್ ಎಮ್ಯುಲೇಟರ್ ಮೇಲೆ ಹಳೆಯ ಎಂವಿಎಸ್ 3.8ಜೆ ಓಡಿಸಬಹುದು, ಜೆಸಿಎಲ್ ಮತ್ತು ಅಸೆಂಬ್ಲರ್ ಕಲಿಯಲು ಒಳ್ಳೆಯದು, ಆದರೆ ಅದರಲ್ಲಿ ಯುನಿಕ್ಸ್ ಭಾಗ ಇಲ್ಲ, ಈ ಅಂಕಣದ ವಿಷಯಕ್ಕೆ ಉಪಯೋಗವಾಗದು. ಐಬಿಎಂ ಝೆಡ್ ಎಕ್ಸ್‌ಪ್ಲೋರ್ ಎಂಬ ಉಚಿತ ಕಲಿಕೆಯ ಕಾರ್ಯಕ್ರಮ ಇದೆ, ನಿಜವಾದ ಝೆಡ್ ಓಎಸ್ ಮೇಲೆ ಖಾತೆ ಕೊಡುತ್ತಾರೆ. ಅದಕ್ಕೆ ಸೇರಿಕೊಳ್ಳಿ. ಯುನಿಕ್ಸ್ ಶೆಲ್‌ಗೆ ಹೋದ ದಿನ ಒಂದು ಚಿಕ್ಕ ಫೈಲ್‌ನಲ್ಲಿ ನಿಮ್ಮ ಹೆಸರು ಇಂಗ್ಲಿಷಿನಲ್ಲಿ ಬರೆದು, ಓಡಿ (od) ಕಮಾಂಡ್‌ನಿಂದ ಅದರ ಹೆಕ್ಸ್ ತೆಗೆದು, ಒಂದೊಂದು ಬೈಟ್ ಯಾವ ಅಕ್ಷರ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಅದನ್ನು ಫೋಟೋ ತೆಗೆದು ನನಗೆ ಕಳಿಸಿ, ನೋಡಿ ಹೇಳುತ್ತೇನೆ.