ಯೂನಿವರ್ಸಿಟಿಯ ಪರ್ಚೇಸ್ ಕಮಿಟಿಯಲ್ಲಿ ಸಹಿ ಹಾಕೋದು ಬಿಟ್ಟು ಬೇರೇನು ಕೆಲಸ?

ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ನಿಮ್ಮನ್ನು ಪರ್ಚೇಸ್ ಕಮಿಟಿಗೆ ಹಾಕಿದ್ದಾರೆ, ಸಹಿ ಹಾಕೋದು ಬಿಟ್ಟು ಅಲ್ಲಿ ಮಾಡೋಕೆ ಏನಿದೆ ಅಂತ ಕೇಳಿದ್ದೀರಿ. ನಾನು ಸ್ಟೋರ್ಸ್ ಸೆಕ್ಷನ್‌ನಲ್ಲಿ ಇರುವವನು. ಬೇಕಾದಷ್ಟು ಕೆಲಸ ಇದೆ ಸರ್. ಹೆಚ್ಚಿನದು ಟೆಂಡರ್ ಕರೆಯುವ ಮೊದಲು, ಇಲ್ಲವೇ ಮಾಲು ಬಂದ ಮೇಲೆ.

ಸಹಿಯೂ ಸಣ್ಣದಲ್ಲ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಸಿಗದ, ನಿಗದಿತ ಮೊತ್ತದ ಮಿತಿಯೊಳಗಿನ ಮಾಲಿಗೆ ಕೇಂದ್ರದ ಹಣಕಾಸು ನಿಯಮಾವಳಿಯಾದ ಜಿಎಫ್‌ಆರ್ 2017ರ 155ನೇ ನಿಯಮದಂತೆ ಮೂವರ ಕಮಿಟಿ ಮಾರುಕಟ್ಟೆ ವಿಚಾರಿಸಬೇಕು. ಕೊನೆಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ 'ಜಂಟಿಯಾಗಿ ಮತ್ತು ವೈಯಕ್ತಿಕವಾಗಿ' ಅನ್ನೋ ಮಾತಿದೆ. ನಾಳೆ ಆಡಿಟ್‌ನವರು ಕೇಳಿದರೆ 'ಉಳಿದಿಬ್ಬರು ಹಾಕಿದ್ರು, ನಾನೂ ಹಾಕಿದೆ' ಅನ್ನೋ ಹಾಗಿಲ್ಲ.

ಮೊದಲು ಬೇಡಿಕೆ ಒಟ್ಟುಗೂಡಿಸಿ. ಕೆಮಿಸ್ಟ್ರಿ, ಬಯೋಟೆಕ್, ಫಾರ್ಮಸಿ ಮೂರೂ ಕಡೆ ಮೆಥನಾಲ್ ಬೇಕು. ಇಂಡೆಂಟ್ (ಬೇಡಿಕೆ ಪತ್ರ) ಬೇರೆ, ತಿಂಗಳು ಬೇರೆ, ದರವೂ ಬೇರೆ! ಮೂರೂ ವಿಭಾಗದಿಂದ ಒಬ್ಬೊಬ್ಬರನ್ನು ಕೂರಿಸಿ ವರ್ಷಕ್ಕೆ ಎಷ್ಟು ಬಾಟಲಿ ಬೇಕು ಅಂತ ಲೆಕ್ಕ ಹಾಕಿ. ಒಂದೇ ರೇಟ್ ಕಾಂಟ್ರಾಕ್ಟ್ ಮಾಡಿಕೊಂಡು ಬೇಕಾದಾಗ ಬೇಕಾದಷ್ಟು ತರಿಸಿ. ಮಿತಿ ದಾಟದಿರಲಿ ಅಂತ ಒಂದು ಬೇಡಿಕೆಯನ್ನು ಚೂರು ಮಾಡೋದನ್ನು 157ನೇ ನಿಯಮ ಹೇಗೂ ಒಪ್ಪಲ್ಲ. ಒಟ್ಟಾಗಿ ಕೊಳ್ಳೋದಕ್ಕೆ ದೊಡ್ಡ ಉದಾಹರಣೆ ನಿಮ್ಮ ಲೈಬ್ರರಿಯಲ್ಲೇ ಇದೆ. 2025ರ ಜನವರಿಯಲ್ಲಿ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300 ಸರ್ಕಾರಿ ಸಂಸ್ಥೆಗಳಿಗೆ ಒಟ್ಟಿಗೆ ಸಿಗುತ್ತಿವೆ.

ಇನ್ನು ಸ್ಪೆಸಿಫಿಕೇಷನ್. ಇಲ್ಲಿ ನಿಮ್ಮಂಥವರು ಬೇಕೇ ಬೇಕು. ಇಂಡೆಂಟ್‌ನಲ್ಲಿ ಸುಮ್ನೆ 'ಮೆಥನಾಲ್' ಅಂತ ಬರೆದರೆ ಎಲ್-1 ಆದವನು, ಅಂದರೆ ಅತಿ ಕಡಿಮೆ ದರ ಹಾಕಿದವನು, ಎಲ್‌ಆರ್ ಗ್ರೇಡ್ (ಸಾಮಾನ್ಯ ಲ್ಯಾಬ್ ದರ್ಜೆಯದು) ತಂದು ಇಳಿಸುತ್ತಾನೆ. ಅವನ ತಪ್ಪೇನಿಲ್ಲ. ಗಾಜಿನ ಸಾಮಾನು ತೊಳೆಯೋಕೆ ಅದು ಸಾಕು. ದ್ರಾವಣದಲ್ಲಿನ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದರೆ ಗ್ರಾಫ್‌ನ ಬೇಸ್‌ಲೈನ್ ಕುಣಿಯುತ್ತೆ, ಕಾಲಮ್ ಕೆಡುತ್ತೆ. ಇದು ಅಕೌಂಟ್ಸ್‌ನವರಿಗೆ ಹೊಳೆಯಲ್ಲ. ಬಜೆಟ್‌ನ ಯಾವ ಹೆಡ್‌ನಿಂದ ದುಡ್ಡು ಹೋಗಬೇಕು ಅನ್ನೋದು ನಿಮಗೆ ಹೊಳೆಯಲ್ಲ. ಇಬ್ಬರೂ ಒಂದೇ ಮೇಜಿಗೆ ಕೂರದಿದ್ದರೆ ಕಮಿಟಿ ಇದ್ದೂ ಇಲ್ಲದ ಹಾಗೆ. ಯಂತ್ರ ಕೊಳ್ಳುವಾಗ ಎಎಂಸಿ (ವಾರ್ಷಿಕ ನಿರ್ವಹಣೆ) ದರವನ್ನೂ ಅದೇ ಟೆಂಡರ್‌ನಲ್ಲಿ ಕೇಳಿ. ವಾರಂಟಿ ಮುಗಿದ ಮೇಲೆ ಚೌಕಾಸಿ ನಡೆಯಲ್ಲ.

ನನಗೆ ಜಾಸ್ತಿ ಸಂಕಟ ಆಗೋದು ಬಾಕಿ ಬಿಲ್ಲು ನೋಡಿದಾಗ. ಸಣ್ಣ ಸರಬರಾಜುದಾರರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತೆ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಷ್ಟೋ ಸಲ ದುಡ್ಡು ಇರುತ್ತೆ. ಡಿಪಾರ್ಟ್‌ಮೆಂಟ್‌ನಿಂದ ಇನ್‌ಸ್ಪೆಕ್ಷನ್ ರಿಪೋರ್ಟ್ ಬಂದಿರಲ್ಲ, ಬಿಲ್ಲಿನ ಹಿಂದೆ ಸ್ಟಾಕ್ ರಿಜಿಸ್ಟರ್‌ನ ಪುಟಸಂಖ್ಯೆ ಬರೆದಿರಲ್ಲ. ಅಷ್ಟಕ್ಕೇ ಫೈಲ್ ನಿಂತುಬಿಡುತ್ತೆ. ಹೀಗೆ ಕಾದು ಸೋತವನು ಮುಂದಿನ ಸಲ ಅದನ್ನೂ ಸೇರಿಸಿಯೇ ದರ ಹಾಕುತ್ತಾನೆ, ಅಲ್ವಾ? ಒಳ್ಳೆಯವರು ಟೆಂಡರ್‌ಗೆ ಬರೋದನ್ನೇ ಬಿಡುತ್ತಾರೆ.

ಮೊದಲ ಮೀಟಿಂಗ್‌ನಲ್ಲೇ ಎರಡು ಪಟ್ಟಿ ಕೇಳಿ. ಕಳೆದ ವರ್ಷ ಯಾವ ವಿಭಾಗ ಯಾವ ದರಕ್ಕೆ ಏನು ಕೊಂಡಿತು ಅನ್ನೋದು ಒಂದು. 45 ದಿನ ದಾಟಿದ ಬಿಲ್ಲುಗಳು ಯಾರ ಟೇಬಲ್ ಮೇಲಿವೆ ಅನ್ನೋದು ಇನ್ನೊಂದು.